ಸೈಬರ್ ದಾಳಿಯಾದರೆ ರಾಷ್ಟ್ರೀಯ ಪ್ರಾಧಿಕಾರಕ್ಕೆ ಯಾಕೆ ತಿಳಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿ ವಿಭಾಗದವರು, ಹಣಕಾಸು ನೋಡಿಕೊಳ್ಳುವವರು, ಆಡಳಿತ ಮಂಡಳಿಯ ಸದಸ್ಯರು, ವಕೀಲರು ಹೀಗೆ ಬೇರೆ ಬೇರೆ ಜನ ಕೇಳಿದರೂ ಪ್ರಶ್ನೆಗಳು ಸುತ್ತಿ ಸುತ್ತಿ ಇವೇ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಕೊನೆಗೆ. ತುರ್ತಿನಲ್ಲಿರುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಿ.

## ಮೊದಲು ತಿಳಿಯಬೇಕಾದದ್ದು

ಯಾವುದನ್ನ ಸೈಬರ್ ಘಟನೆ ಅನ್ನೋದು? ಒಂದು ಮೋಸದ ಇಮೇಲ್ ಬಂದರೂ ವರದಿ ಮಾಡಬೇಕಾ?

ಮೋಸದ ಇಮೇಲ್ ಎಲ್ಲರಿಗೂ ದಿನವೂ ಬರುತ್ತದೆ. ಯಾರೂ ಮುಟ್ಟದೆ ಅಳಿಸಿದ್ದರೆ ಅಷ್ಟಕ್ಕೇ ಬಿಡಬಹುದು. ಯಾರಾದರೂ ಅದನ್ನು ನಂಬಿ ಪಾಸ್‌ವರ್ಡ್ ಕೊಟ್ಟಿದ್ದರೆ, ಆ ಪಾಸ್‌ವರ್ಡ್ ಹಿಡಿದು ಹೊರಗಿನವರು ಒಳಗೆ ಬಂದಿದ್ದರೆ ಅದು ಘಟನೆ. ನಿಮ್ಮ ಮಾಹಿತಿ ಕಳುವಾಗುವುದು, ನಿಮಗೆ ತಿಳಿಯದಂತೆ ಬದಲಾಗುವುದು, ಬೇಕಾದ ಹೊತ್ತಿನಲ್ಲಿ ಸಿಗದಂತಾಗುವುದು, ಈ ಮೂರರಲ್ಲಿ ಯಾವುದು ನಡೆದರೂ ಘಟನೆಯೇ. ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ತಂತ್ರಾಂಶ), ಡೇಟಾ ಸೋರಿಕೆ, ಸರ್ವರ್ ಉಸಿರುಗಟ್ಟುವಷ್ಟು ಸುಳ್ಳು ಕೋರಿಕೆಗಳನ್ನು ಸುರಿಯುವ ದಾಳಿ, ಕೆಲಸ ಬಿಟ್ಟುಹೋದ ನೌಕರನ ಖಾತೆಯಿಂದ ನಡುರಾತ್ರಿಯ ಲಾಗಿನ್, ಎಲ್ಲವೂ ಇದರಲ್ಲಿ ಸೇರುತ್ತವೆ.

ಇಮೇಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಅದರಲ್ಲಿ ನಿಮ್ಮ ಮ್ಯಾನೇಜರ್ ಹೆಸರು, ನಡೆಯುತ್ತಿರುವ ಟೆಂಡರ್, ಹೊರಗಿನವರಿಗೆ ಗೊತ್ತಿರಬಾರದ ಒಳವಿವರ ಇದ್ದರೆ ಯಾರೋ ನಿಮ್ಮನ್ನೇ ಗುರಿಯಿಟ್ಟು ಬರೆದಿದ್ದಾರೆ ಎಂದು ಅರ್ಥ. ಅಂಥದ್ದನ್ನು ಯಾರೂ ಕ್ಲಿಕ್ ಮಾಡಿರದಿದ್ದರೂ ತಿಳಿಸಿ.

ರಾಷ್ಟ್ರೀಯ ಪ್ರಾಧಿಕಾರ ಅಂದರೆ ಯಾರು? ಪೊಲೀಸರಿಗೆ ದೂರು ಕೊಟ್ಟರೆ ಸಾಕಲ್ವಾ?

1988ರ ನವೆಂಬರ್‌ನಲ್ಲಿ ಮೋರಿಸ್ ವರ್ಮ್ ಎಂಬ ಪ್ರೋಗ್ರಾಂ ಆಗಿನ ಪುಟ್ಟ ಇಂಟರ್ನೆಟ್ಟಿನಲ್ಲಿ ಹಬ್ಬಿ ಸಾವಿರಾರು ಯಂತ್ರಗಳನ್ನು ಕೆಡಿಸಿತು. ಒಂದೊಂದು ವಿಶ್ವವಿದ್ಯಾಲಯವೂ ಒಂದೊಂದು ಮೂಲೆಯಲ್ಲಿ ಒಂಟಿಯಾಗಿ ಹೆಣಗುತ್ತಿತ್ತು. ಒಬ್ಬರು ಕಂಡುಕೊಂಡ ಪರಿಹಾರ ಇನ್ನೊಬ್ಬರಿಗೆ ತಲುಪಲು ದಾರಿಯಿರಲಿಲ್ಲ. ಅದೇ ತಿಂಗಳು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ (ಕಂಪ್ಯೂಟರ್ ತುರ್ತು ಸ್ಪಂದನ ತಂಡ) ಸಮನ್ವಯ ಕೇಂದ್ರ ಹುಟ್ಟಿತು. ಇಂದು ಬಹುತೇಕ ದೇಶಗಳಲ್ಲಿ ಇಂಥದ್ದೊಂದು ಸಂಸ್ಥೆ ಇದೆ: ಭಾರತದಲ್ಲಿ ಸರ್ಟ್-ಇನ್, ಬ್ರಿಟನ್ನಿನಲ್ಲಿ ಎನ್‌ಸಿಎಸ್‌ಸಿ, ಅಮೆರಿಕದಲ್ಲಿ ಸಿಸಾ, ಜರ್ಮನಿಯಲ್ಲಿ ಬಿಎಸ್‌ಐ.

ಪೊಲೀಸರು ಅಪರಾಧಿಯನ್ನು ಹುಡುಕುತ್ತಾರೆ. ಈ ಸಂಸ್ಥೆಗಳು ದಾಳಿ ಹರಡದಂತೆ ನೋಡುತ್ತವೆ. ಎರಡೂ ಬೇಕು. ಜನರ ವೈಯಕ್ತಿಕ ಮಾಹಿತಿ ಸೋರಿದ್ದರೆ ಡೇಟಾ ಸಂರಕ್ಷಣೆಯ ಪ್ರಾಧಿಕಾರಕ್ಕೆ ತಿಳಿಸುವುದು ಮೂರನೆಯ, ಬೇರೆಯದೇ ಆದ ಕರ್ತವ್ಯ.

ನಮ್ಮದು ಚಿಕ್ಕ ಸಂಸ್ಥೆ. ನಮ್ಮ ಕಥೆ ಯಾರಿಗೆ ಬೇಕು?

ದಾಳಿಕೋರರಿಗೆ ಬೇಕಾಗಿತ್ತಲ್ಲ! ದೊಡ್ಡ ಕಂಪನಿಗೆ ನೇರವಾಗಿ ನುಗ್ಗಲಾಗದವರು ಅದಕ್ಕೆ ಸಾಫ್ಟ್‌ವೇರ್ ಬರೆದುಕೊಡುವ, ಲೆಕ್ಕ ಬರೆಯುವ, ಏಸಿ ರಿಪೇರಿ ಮಾಡುವ ಚಿಕ್ಕ ಸಂಸ್ಥೆಯ ಮೂಲಕ ನುಗ್ಗುತ್ತಾರೆ. ನಿಮ್ಮಲ್ಲಿ ಕಂಡ ಸಣ್ಣ ಸುಳಿವು ದೊಡ್ಡದೊಂದರ ಬಾಲವಾಗಿರಬಹುದು. ಅದನ್ನು ತೀರ್ಮಾನಿಸಲು ಬೇಕಾದ ನೋಟ ನಿಮಗಿರುವುದಿಲ್ಲ, ನಾಡಿನ ಎಲ್ಲೆಡೆಯಿಂದ ವರದಿ ಪಡೆಯುವವರಿಗೆ ಇರುತ್ತದೆ.

ನಾವೇ ಎಲ್ಲ ಸರಿಮಾಡಿಕೊಂಡಿದ್ದೇವೆ. ಮುಗಿದ ಮೇಲೆ ಯಾಕೆ ಹೇಳಬೇಕು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇದಕ್ಕೆ ನನ್ನ ಬಳಿ ಇರುವುದು ನಡೆದುಹೋದ ಮೂರು ಪ್ರಸಂಗಗಳು.

2015ರ ಜನವರಿಯಲ್ಲಿ ಈಕ್ವಡಾರ್‌ನ ಬ್ಯಾಂಕೋ ಡೆಲ್ ಆಸ್ಟ್ರೋದಿಂದ ಕಳ್ಳರು ಸ್ವಿಫ್ಟ್ (ಬ್ಯಾಂಕುಗಳು ಒಂದಕ್ಕೊಂದು ಹಣ ವರ್ಗಾವಣೆಯ ಸೂಚನೆ ಕಳಿಸುವ ಜಾಲ) ಸಂದೇಶಗಳ ಮೂಲಕ ಸುಮಾರು 1.2 ಕೋಟಿ ಡಾಲರ್ ಸಾಗಿಸಿದರು. ವಿಷಯ ಸ್ವಿಫ್ಟ್ ಸಂಸ್ಥೆಗೂ ತಿಳಿಯಲಿಲ್ಲ, ಉಳಿದ ಬ್ಯಾಂಕುಗಳಿಗೂ ತಿಳಿಯಲಿಲ್ಲ. ಒಂದು ವರ್ಷದ ಮೇಲೆ, 2016ರ ಫೆಬ್ರುವರಿಯಲ್ಲಿ, ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಸ್ವಿಫ್ಟ್ ಮೂಲಕವೇ 8.1 ಕೋಟಿ ಡಾಲರ್ ಹೋಯಿತು. ಈಕ್ವಡಾರ್‌ನ ಪ್ರಸಂಗ ಬೆಳಕಿಗೆ ಬಂದದ್ದು ಅದಾದ ಮೇಲೆ, ಅದೂ ಒಂದು ಕೋರ್ಟು ದಾವೆಯ ಕಾಗದಗಳಿಂದ. ಮೊದಲೇ ಗೊತ್ತಿದ್ದರೆ ಎರಡನೆಯದು ತಪ್ಪಿಯೇ ಹೋಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಎಚ್ಚರವಾಗಿರುವ ಅವಕಾಶವೇ ಯಾರಿಗೂ ಸಿಗಲಿಲ್ಲ.

ಎರಡನೆಯದು ಡಿಜಿನೋಟಾರ್. ವೆಬ್‌ಸೈಟುಗಳಿಗೆ ನಂಬಿಕೆಯ ಪ್ರಮಾಣಪತ್ರ ಕೊಡುತ್ತಿದ್ದ ನೆದರ್ಲೆಂಡ್ಸ್‌ನ ಕಂಪನಿ. 2011ರ ಜುಲೈನಲ್ಲಿ ತನ್ನೊಳಗೆ ಯಾರೋ ನುಗ್ಗಿ ನಕಲಿ ಪ್ರಮಾಣಪತ್ರ ಮಾಡಿಕೊಂಡಿದ್ದಾರೆಂದು ಅದಕ್ಕೆ ತಿಳಿಯಿತು. ಕಣ್ಣಿಗೆ ಬಿದ್ದವನ್ನು ರದ್ದುಮಾಡಿ ಸುಮ್ಮನಾಯಿತು. ಗೂಗಲ್ ಹೆಸರಿನ ಒಂದು ನಕಲಿ ಪತ್ರ ಉಳಿದುಬಿಟ್ಟಿತ್ತು. ಅದನ್ನು ಬಳಸಿ ಇರಾನಿನ ಜನರ ಜಿಮೇಲ್ ಸಂಪರ್ಕದ ಮೇಲೆ ಕಣ್ಣಿಡಲಾಯಿತು. ಇರಾನಿನಲ್ಲಿ ಸುಮಾರು ಮೂರು ಲಕ್ಷ ಐಪಿ ವಿಳಾಸಗಳು ಇದರ ಬಲೆಗೆ ಬಿದ್ದಿದ್ದವು ಎಂದು ತನಿಖೆಯಲ್ಲಿ ಕಂಡುಬಂತು. ಆಗಸ್ಟ್ ಕೊನೆಗೆ ಅಲ್ಲಿನ ಬಳಕೆದಾರರೊಬ್ಬರು ಏನೋ ಸರಿಯಿಲ್ಲ ಎಂದು ಗಮನಿಸಿದಾಗಲೇ ಎಲ್ಲ ಹೊರಬಿದ್ದದ್ದು. ಸೆಪ್ಟೆಂಬರ್‌ನಲ್ಲಿ ಡಿಜಿನೋಟಾರ್ ದಿವಾಳಿಯಾಯಿತು. ಆ ಕಂಪನಿಯೂ ‘ನಾವೇ ಸರಿಮಾಡಿಕೊಂಡಿದ್ದೇವೆ’ ಎಂದೇ ನಂಬಿತ್ತು. ಒಳಗೆ ಕೂತು ನೋಡುವವರಿಗೆ ದಾಳಿಯ ಪೂರ್ತಿ ಹರವು ಕಾಣುವುದು ಅಪರೂಪ.

ಮೂರನೆಯದರಲ್ಲಿ ಹೇಳಿದ್ದರಿಂದ ಒಳ್ಳೆಯದಾಯಿತು. 2020ರ ಡಿಸೆಂಬರ್ 8ರಂದು ಫೈರ್‌ಐ ಎಂಬ ಭದ್ರತಾ ಕಂಪನಿ ತನ್ನ ಮೇಲೇ ದಾಳಿಯಾಗಿದೆ ಎಂದು ತಾನೇ ಪ್ರಕಟಿಸಿತು. ಭದ್ರತೆಯನ್ನೇ ಮಾರುವ ಕಂಪನಿಗೆ ಅದು ಎಷ್ಟು ಮುಜುಗರದ ಮಾತು! ಆದರೆ ಜಾಡು ಹಿಡಿದು ಹೋದಾಗ ಕೆಲವೇ ದಿನಗಳಲ್ಲಿ ಸೋಲಾರ್‌ವಿಂಡ್ಸ್ ಸಾಫ್ಟ್‌ವೇರಿನ ಅಪ್‌ಡೇಟಿನಲ್ಲೇ ವಿಷ ಬೆರೆತಿದೆ ಎಂದು ಬಯಲಾಯಿತು. ಆ ಅಪ್‌ಡೇಟನ್ನು ಸುಮಾರು 18,000 ಗ್ರಾಹಕರು ಪಡೆದಿದ್ದರು, ಅಮೆರಿಕದ ಸರ್ಕಾರಿ ಇಲಾಖೆಗಳೂ ಅವರಲ್ಲಿದ್ದವು. ಡಿಸೆಂಬರ್ 13ರಂದೇ ಸಿಸಾ ತುರ್ತು ಆದೇಶ ಹೊರಡಿಸಿತು.

ನಿಮ್ಮ ಮಟ್ಟಿಗೆ ಮುಗಿದದ್ದು ಇನ್ನೊಬ್ಬರ ಮನೆಯಲ್ಲಿ ಈಗಷ್ಟೇ ಶುರುವಾಗಿರಬಹುದು. ದಾಳಿಕೋರರು ತಮ್ಮ ತಮ್ಮಲ್ಲಿ ಸಾಧನ ಮಾರುತ್ತಾರೆ, ಪಾಸ್‌ವರ್ಡ್ ಹಂಚಿಕೊಳ್ಳುತ್ತಾರೆ, ಲಾಭದಲ್ಲಿ ಪಾಲು ಮಾಡಿಕೊಳ್ಳುತ್ತಾರೆ. ಪೆಟ್ಟು ತಿಂದವರು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಈ ಅಸಮತೋಲನವೇ ಅವರ ಬಹುದೊಡ್ಡ ಬಲ ಎಂಬುದು ನನ್ನ ದೃಢ ಅಭಿಪ್ರಾಯ.

ಸರಿ, ಊರಿಗೆ ಉಪಕಾರ ಆಯ್ತು. ನಮಗೇನು ಸಿಗುತ್ತೆ?

ಕೆಲವೊಮ್ಮೆ ಬೀಗದ ಕೈಯೇ ಸಿಗುತ್ತದೆ. ಹೈವ್ ಎಂಬ ರಾನ್ಸಮ್‌ವೇರ್ ಗುಂಪಿನ ಒಳಜಾಲಕ್ಕೆ ಎಫ್‌ಬಿಐ 2022ರ ಜುಲೈ ಹೊತ್ತಿಗೆ ಗುಟ್ಟಾಗಿ ಸೇರಿಕೊಂಡಿತ್ತು. 2023ರ ಜನವರಿಯಲ್ಲಿ ಆ ಗುಂಪಿನ ಸರ್ವರುಗಳನ್ನು ವಶಪಡಿಸಿಕೊಳ್ಳುವವರೆಗೆ, ಆಗಷ್ಟೇ ದಾಳಿಗೆ ಸಿಕ್ಕಿದ್ದ 300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಕಡತ ಬಿಡಿಸುವ ಕೀಲಿಗಳನ್ನು ಕೊಟ್ಟಿತು. ಅವರು ತೆರಬೇಕಾಗಿದ್ದ ಸುಮಾರು 13 ಕೋಟಿ ಡಾಲರ್ ಉಳಿಯಿತು. ಆದರೆ ಹೈವ್‌ಗೆ ಬಲಿಯಾದವರಲ್ಲಿ ತಾವಾಗಿ ಬಂದು ಹೇಳಿದವರು ಶೇಕಡಾ 20ರಷ್ಟು ಮಾತ್ರ ಎಂದು ಎಫ್‌ಬಿಐನ ಆಗಿನ ನಿರ್ದೇಶಕರೇ ತಿಳಿಸಿದರು. ಬಿಡಿಸುವ ಕೀಲಿ ಇದೆ ಎಂದು ಯಾರೂ ಮೊದಲೇ ಸಾರಲಾಗುವುದಿಲ್ಲ, ಸಾರಿದರೆ ಕಳ್ಳರಿಗೂ ತಿಳಿದುಬಿಡುತ್ತದೆ. ಬಂದು ಕೇಳಿದವರಿಗೆ ಗುಟ್ಟಾಗಿ ಕೊಡುವುದೊಂದೇ ದಾರಿ.

ಇಷ್ಟು ದೊಡ್ಡದು ಪ್ರತಿ ಸಲ ಸಿಗದು. ಇದೇ ಗುಂಪು ಬೇರೆ ಕಡೆ ಯಾವ ಬಾಗಿಲಿನಿಂದ ಬಂದಿತ್ತು, ಹೋಗುವಾಗ ಹಿಂಬಾಗಿಲು ಎಲ್ಲಿ ಬಿಟ್ಟುಹೋಗುತ್ತದೆ, ಹಣ ಕೊಟ್ಟವರಿಗೆ ಕಡತ ವಾಪಸ್ ಸಿಕ್ಕಿತೇ ಎಂಬ ಮಾಹಿತಿಯಂತೂ ಸಿಗುವ ಸಾಧ್ಯತೆ ಇದೆ. ಮಧ್ಯರಾತ್ರಿ ಕತ್ತಲಲ್ಲಿ ತಡಕಾಡುವವರಿಗೆ ಅದು ಸಣ್ಣ ಸಹಾಯವಲ್ಲ.

## ಭಯ, ಸಂಕೋಚ

ಹೊರಗೆ ಗೊತ್ತಾದರೆ ಹೆಸರು ಹಾಳಾಗಲ್ವಾ?

ಪ್ರಾಧಿಕಾರಕ್ಕೆ ತಿಳಿಸುವುದು ಬೇರೆ, ಪತ್ರಿಕೆಗೆ ತಿಳಿಸುವುದು ಬೇರೆ. ನೀವು ಕೊಟ್ಟ ಮಾಹಿತಿ ಎಲ್ಲಿಯವರೆಗೆ ಹೋಗಬಹುದು ಎಂದು ಗುರುತು ಹಾಕಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಟ್ರಾಫಿಕ್ ಲೈಟ್ ಪ್ರೋಟೋಕಾಲ್ ಇದೆ. ಕೆಂಪು ಎಂದರೆ ಕೇಳಿಸಿಕೊಂಡವರಲ್ಲೇ ಉಳಿಯಬೇಕು. ಆಂಬರ್ ಎಂದರೆ ತಿಳಿಯಲೇಬೇಕಾದವರಿಗೆ ಮಾತ್ರ. ಹಸಿರು ಎಂದರೆ ಭದ್ರತಾ ಬಳಗದೊಳಗೆ ಹಂಚಬಹುದು. ಕ್ಲಿಯರ್ ಎಂದರೆ ಎಲ್ಲರಿಗೂ. ವರದಿ ಕಳಿಸುವಾಗಲೇ ಈ ಗುರುತನ್ನು ಬರೆಯಿರಿ.

ಇನ್ನು ಮುಚ್ಚಿಟ್ಟರೆ ಉಳಿಯುತ್ತದೆಯೇ? ಈಗಿನ ರಾನ್ಸಮ್‌ವೇರ್ ಗುಂಪುಗಳು ಕಡತಗಳಿಗೆ ಬೀಗ ಹಾಕುವ ಮುಂಚೆ ಕದ್ದಿರುತ್ತವೆ. ಹಣ ಕೊಡದವರ ಹೆಸರನ್ನು ತಮ್ಮದೇ ಜಾಲತಾಣದಲ್ಲಿ ಹಾಕುತ್ತವೆ. 2023ರ ನವೆಂಬರ್‌ನಲ್ಲಂತೂ ಆಲ್ಫ್‌ವಿ ಎಂಬ ಗುಂಪು, ತಾನು ದಾಳಿ ಮಾಡಿದ ಕಂಪನಿ ಆ ವಿಷಯವನ್ನು ಬಹಿರಂಗಪಡಿಸಿಲ್ಲ ಎಂದು ಅಮೆರಿಕದ ಷೇರು ನಿಯಂತ್ರಕರಿಗೆ ತಾನೇ ದೂರು ಕೊಟ್ಟಿತು! ಗುಟ್ಟು ನಿಮ್ಮ ಕೈಯಲ್ಲಿದೆ ಎಂದು ನೀವು ಅಂದುಕೊಂಡಿದ್ದೀರಿ, ಅದು ಕಳ್ಳನ ಕೈಯಲ್ಲಿದೆ.

ಊಬರ್ ಕಂಪನಿ 2016ರಲ್ಲಿ 5.7 ಕೋಟಿ ಜನರ ಮಾಹಿತಿ ಕಳೆದುಕೊಂಡು, ಕಳ್ಳರಿಗೆ ಒಂದು ಲಕ್ಷ ಡಾಲರ್ ಕೊಟ್ಟು ಒಂದು ವರ್ಷ ಮುಚ್ಚಿಟ್ಟಿತು. ಬಯಲಾದ ಮೇಲೆ ಅಮೆರಿಕದ ರಾಜ್ಯಗಳಿಗೆ 14.8 ಕೋಟಿ ಡಾಲರ್ ಕಟ್ಟಿತು. ಆಗಿನ ಭದ್ರತಾ ಮುಖ್ಯಸ್ಥರು 2022ರಲ್ಲಿ ನ್ಯಾಯಾಲಯದಲ್ಲಿ ಅಪರಾಧಿ ಎಂದು ಸಾಬೀತಾದರು. ಅವರನ್ನು ಶಿಕ್ಷೆಗೆ ಗುರಿಮಾಡಿದ್ದು ಮುಚ್ಚಿಟ್ಟದ್ದು, ದಾಳಿಯಾದದ್ದಲ್ಲ. ನಾರ್ವೆಯ ಅಲ್ಯುಮಿನಿಯಂ ಕಂಪನಿ ನೋಶ್ಕ್ ಹೈಡ್ರೋ 2019ರ ಮಾರ್ಚ್‌ನಲ್ಲಿ ಬೇರೆ ದಾರಿ ಹಿಡಿಯಿತು. ಹಣ ಕೊಡಲಿಲ್ಲ, ಅಧಿಕಾರಿಗಳಿಗೆ ತಿಳಿಸಿತು, ಪತ್ರಕರ್ತರನ್ನು ಕರೆದು ಏನು ಕೆಟ್ಟಿದೆ, ಏನು ನಡೆಯುತ್ತಿದೆ ಎಂದು ಹೇಳುತ್ತಾ ಹೋಯಿತು. ನಷ್ಟ ಕೋಟಿಗಟ್ಟಲೆ ಡಾಲರ್ ಆಯಿತು, ಅದು ನಿಜ. ಆದರೆ ಇಂದಿಗೂ ಆ ಕಂಪನಿಯ ನಡವಳಿಕೆಯನ್ನು ಮಾದರಿಯಾಗಿ ತೋರಿಸುತ್ತಾರೆ.

ಹೇಳಿದರೆ ನಮ್ಮ ಮೇಲೇ ದಂಡ ಹಾಕ್ತಾರೇನೋ?

ಈ ಭಯ ಸುಳ್ಳಲ್ಲ, ಕಾನೂನು ಬರೆಯುವವರಿಗೂ ಗೊತ್ತಿದೆ. ಐರೋಪ್ಯ ಒಕ್ಕೂಟದ ಸೈಬರ್ ಭದ್ರತೆಯ ನಿಯಮವಾದ ಎನ್‌ಐಎಸ್-2 ನಿರ್ದೇಶನದಲ್ಲಿ, ತಿಳಿಸಿದ ಮಾತ್ರಕ್ಕೆ ಸಂಸ್ಥೆಯ ಹೊಣೆ ಹೆಚ್ಚಾಗಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಆಸ್ಟ್ರೇಲಿಯಾದ 2024ರ ಕಾನೂನು, ಸಹಾಯ ಕೇಳಿ ಕೊಟ್ಟ ಮಾಹಿತಿಯನ್ನು ಯಾವ ಕೆಲಸಕ್ಕೆ ಬಳಸಬಹುದು ಎಂಬುದಕ್ಕೆ ಮಿತಿ ಹಾಕಿದೆ. ಬ್ರಿಟನ್ನಿನ ಎನ್‌ಸಿಎಸ್‌ಸಿ ತನಗೆ ಗುಟ್ಟಾಗಿ ಹೇಳಿದ್ದನ್ನು ಸಂಸ್ಥೆಯ ಒಪ್ಪಿಗೆಯಿಲ್ಲದೆ ಡೇಟಾ ಸಂರಕ್ಷಣೆಯ ನಿಯಂತ್ರಕರಿಗೆ ಕೊಡುವುದಿಲ್ಲ ಎಂದಿದೆ.

ಆದರೂ ಇದು ಪೂರ್ತಿ ಅಭಯವಲ್ಲ. ಸಾಫ್ಟ್‌ವೇರಿನ ದೋಷ ಸರಿಪಡಿಸುವ ಪ್ಯಾಚ್ ಅನ್ನು ವರ್ಷಗಟ್ಟಲೆ ಹಾಕದೆ ಬಿಟ್ಟಿದ್ದರೆ ಅದರ ಹೊಣೆ ವರದಿಯಿಂದ ತೊಳೆದುಹೋಗದು. ನಿಮ್ಮ ದೇಶದ ನಿಯಮದಲ್ಲಿ ಯಾವ ರಕ್ಷಣೆ ಇದೆ, ಯಾವುದಿಲ್ಲ ಎಂಬುದನ್ನು ನೆಮ್ಮದಿಯ ದಿನಗಳಲ್ಲೇ ಓದಿಟ್ಟುಕೊಳ್ಳಿ.

ವಕೀಲರು ‘ಬಾಯಿ ಬಿಡಬೇಡಿ’ ಅಂತಾರೆ. ಅವರ ಮಾತು ಕೇಳಬೇಕಾ, ಬೇಡವಾ?

ಕೇಳಿ, ಆದರೆ ಅವರಿಗೆ ಗಡುವನ್ನೂ ತೋರಿಸಿ. ಯಾರದ್ದು ತಪ್ಪು, ಎಷ್ಟು ನಷ್ಟ ಎಂಬ ತೀರ್ಮಾನಗಳನ್ನು ವರದಿಯಲ್ಲಿ ಬರೆಯಬೇಕಾಗಿಲ್ಲ. ಕಂಡ ಸಂಗತಿ ಸಾಕು: ಇಷ್ಟು ಗಂಟೆಗೆ, ಈ ಸರ್ವರಿನಲ್ಲಿ, ಈ ವಿಳಾಸದಿಂದ, ಹೀಗಾಯಿತು. ಸಂಗತಿ ಮಾತ್ರ ಇರುವ ವರದಿಗೆ ಬಹುತೇಕ ವಕೀಲರು ಒಪ್ಪುತ್ತಾರೆ.

ಒತ್ತೆಹಣ ಕೊಟ್ಟುಬಿಟ್ಟಿದ್ದೇವೆ. ಈಗ ಹೇಳಿ ಏನು ಪ್ರಯೋಜನ?

2021ರ ಮೇನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 75 ಬಿಟ್‌ಕಾಯಿನ್ ಕೊಟ್ಟಿತು. ಎಫ್‌ಬಿಐಗೆ ಬೇಗನೆ ತಿಳಿಸಿತ್ತು. ಜೂನ್ 7ರಂದು ಅದರಲ್ಲಿ 63.7 ಬಿಟ್‌ಕಾಯಿನ್ ವಾಪಸ್ ವಶಕ್ಕೆ ಬಂತು. ಹಣದ ಜಾಡು ಬಿಸಿಯಾಗಿರುವಾಗಲೇ ಹಿಡಿಯಬೇಕು. ಹಣ ಕೊಟ್ಟ ವಾಲೆಟ್ ವಿಳಾಸ, ಅವರೊಂದಿಗೆ ನಡೆದ ಮಾತುಕತೆಯ ಪ್ರತಿ, ಅವರು ಕೊಟ್ಟ ಕೀಲಿ, ಎಲ್ಲವನ್ನೂ ಒಪ್ಪಿಸಿ. ಹಣ ಕೊಟ್ಟ ಸಂಕೋಚಕ್ಕೆ ಸುಮ್ಮನಿದ್ದರೆ ಅದೇ ವಾಲೆಟ್ಟಿಗೆ ನಾಳೆ ಇನ್ನೊಬ್ಬರೂ ಹಣ ಹಾಕುತ್ತಾರೆ.

## ವರದಿ ಮಾಡುವ ಹೊತ್ತಿನಲ್ಲಿ

ಎಷ್ಟು ಗಂಟೆಯೊಳಗೆ ಹೇಳಬೇಕು?

ದೇಶಕ್ಕೊಂದು ಲೆಕ್ಕ. ಭಾರತದಲ್ಲಿ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಯೊಳಗೆ. ಎನ್‌ಐಎಸ್-2 ಪ್ರಕಾರ 24 ಗಂಟೆಯಲ್ಲಿ ಮೊದಲ ಎಚ್ಚರಿಕೆ, 72 ಗಂಟೆಯಲ್ಲಿ ವಿವರ, ಅದಾಗಿ ಒಂದು ತಿಂಗಳಲ್ಲಿ ಅಂತಿಮ ವರದಿ. ವೈಯಕ್ತಿಕ ಮಾಹಿತಿ ಸೋರಿದ್ದರೆ ಯುರೋಪಿನ ಡೇಟಾ ಸಂರಕ್ಷಣೆಯ ಕಾನೂನಾದ ಜಿಡಿಪಿಆರ್‌ನಲ್ಲಿ 72 ಗಂಟೆ. ಇವೆಲ್ಲ ಗಡಿಯಾರಗಳು ಘಟನೆ ನಡೆದಾಗಿನಿಂದ ಶುರುವಾಗುವುದಿಲ್ಲ, ನಿಮಗೆ ತಿಳಿದಾಗಿನಿಂದ. ಹಾಗಾಗಿ ‘ಯಾರಿಗೆ, ಯಾವಾಗ ತಿಳಿಯಿತು’ ಎಂದು ಆ ಕ್ಷಣವೇ ಬರೆದಿಡಿ.

ಏನಾಯ್ತು ಅಂತ ನಮಗೇ ಪೂರ್ತಿ ಗೊತ್ತಿಲ್ಲ. ಏನಂತ ಬರೆಯೋದು?

ಗೊತ್ತಿರುವಷ್ಟು ಬರೆಯಿರಿ, ಗೊತ್ತಿಲ್ಲದ್ದನ್ನು ‘ಇನ್ನೂ ಗೊತ್ತಾಗಿಲ್ಲ’ ಎಂದೇ ಬರೆಯಿರಿ. ಮೊದಲ ವರದಿ ಅರೆಬರೆಯಾಗಿರುವುದು ಸಹಜ. ಪೂರ್ತಿ ಚಿತ್ರಕ್ಕೆ ಕಾಯುತ್ತ ಕೂತರೆ ವಾರಗಳು ಕಳೆಯುತ್ತವೆ. ಅಷ್ಟರಲ್ಲಿ ದಾಳಿಕೋರರು ವಿಳಾಸ ಬದಲಿಸಿರುತ್ತಾರೆ, ನೀವು ಕೊಡುವ ಮಾಹಿತಿ ಯಾರ ಬಾಗಿಲನ್ನೂ ಕಾಯದು. ಮೊದಲ ದಿನದ ಎರಡು ಐಪಿ ವಿಳಾಸಗಳು ಮೂರನೇ ತಿಂಗಳ ನಲವತ್ತು ಪುಟಗಳಿಗಿಂತ ಹೆಚ್ಚು ಜನರನ್ನು ಉಳಿಸಬಲ್ಲವು.

ಮುಖ್ಯವಾಗಿ ಬೇಕಾದವು: ಯಾವಾಗ ಕಂಡಿತು, ಯಾವ ಟೈಮ್‌ಜೋನ್‌ನಲ್ಲಿ ಲೆಕ್ಕ ಹಾಕಿದ್ದೀರಿ, ಯಾವ ಸಿಸ್ಟಮ್ ಮತ್ತು ಅದರ ಸಾಫ್ಟ್‌ವೇರ್ ಆವೃತ್ತಿ, ಅನುಮಾನದ ಐಪಿ ಮತ್ತು ಡೊಮೇನ್, ಕಡತದ ಹ್ಯಾಶ್ (ಕಡತವನ್ನು ಗುರುತಿಸುವ, ಬೆರಳಚ್ಚಿನಂಥ ಸಂಕೇತ), ಬೆದರಿಕೆ ಪತ್ರದ ಪ್ರತಿ, ಮತ್ತು ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ ಒಬ್ಬರ ನಂಬರ್. ಟೈಮ್‌ಜೋನ್ ಬರೆಯದ ವರದಿಯಿಂದ ತನಿಖೆಯವರಿಗೆ ಆಗುವ ಪೇಚಾಟ ಅಷ್ಟಿಷ್ಟಲ್ಲ.

ಇಮೇಲ್‌ನಲ್ಲೇ ಕಳಿಸಿದರೆ ಆಯ್ತಾ?

ಆ ಇಮೇಲ್ ವ್ಯವಸ್ಥೆಯೇ ಕಳ್ಳರ ಕೈಯಲ್ಲಿರಬಹುದು. ನೀವು ಎಚ್ಚೆತ್ತಿದ್ದೀರಿ ಎಂದು ಅವರಿಗೆ ತಿಳಿದರೆ ಅಳಿದುಳಿದದ್ದನ್ನು ಅಳಿಸಿ ಹೋಗುತ್ತಾರೆ. ಅನುಮಾನವಿದ್ದರೆ ಫೋನ್ ಮಾಡಿ, ಇಲ್ಲವೇ ನಿಮ್ಮ ನೆಟ್‌ವರ್ಕಿಗೆ ಸೇರದ ಬೇರೆ ಯಂತ್ರದಿಂದ ಕಳಿಸಿ. ಅನುಮಾನದ ಕಡತವನ್ನು ಸಾರ್ವಜನಿಕ ವೈರಸ್ ತಪಾಸಣೆಯ ತಾಣಗಳಿಗೆ ಅಪ್‌ಲೋಡ್ ಮಾಡುವುದೂ ಅಪಾಯ. ಅದರೊಳಗೆ ನಿಮ್ಮದೇ ಮಾಹಿತಿ ಇರಬಹುದು, ಬರೆದವರು ಅಲ್ಲಿ ಕಣ್ಣಿಟ್ಟಿರಬಹುದು.

ವರದಿಗೆ ಮುಂಚೆ ಎಲ್ಲ ಫಾರ್ಮ್ಯಾಟ್ ಮಾಡಿ ಕೆಲಸ ಶುರು ಮಾಡಬಹುದಾ?

ದಯವಿಟ್ಟು ಬೇಡ. ನೆಟ್‌ವರ್ಕಿನಿಂದ ಬೇರ್ಪಡಿಸಿ, ಸಾಧ್ಯವಾದರೆ ಪವರ್ ತೆಗೆಯಬೇಡಿ. ಯಂತ್ರದ ಮೆಮೊರಿಯಲ್ಲಿರುವ ಸುಳಿವು ಪವರ್ ಹೋದೊಡನೆ ಹೋಗುತ್ತದೆ. ಡಿಸ್ಕಿನ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಬ್ಯಾಕಪ್‌ನಿಂದ ಹೊಸದಾಗಿ ಕಟ್ಟಿ. ಹಳೆಯ ಲಾಗ್ (ಯಂತ್ರ ಬರೆದಿಡುವ ಚಟುವಟಿಕೆಯ ದಾಖಲೆ) ತಾನಾಗಿ ಅಳಿಯುವ ವ್ಯವಸ್ಥೆ ಇದ್ದರೆ ಅದನ್ನು ಮೊದಲು ನಿಲ್ಲಿಸಿ.

ದಾಳಿ ಆಗಿದ್ದು ನಮ್ಮ ವೆಂಡರ್ ಮೇಲೆ. ಅವರು ಹೇಳ್ತಾರೆ ಬಿಡಿ ಅನ್ನಬಹುದಾ?

ಸೋರಿದ್ದು ನಿಮ್ಮ ಜನರ ಮಾಹಿತಿ. 2023ರ ಮೇ ಕೊನೆಯಲ್ಲಿ ಮೂವ್‌ಇಟ್ ಎಂಬ ಕಡತ ರವಾನೆ ಸಾಫ್ಟ್‌ವೇರಿನ ದೋಷ ಹಿಡಿದು ಕ್ಲಾಪ್ ಗುಂಪು ನುಗ್ಗಿತು. ಬ್ರಿಟನ್ನಿನಲ್ಲಿ ಸಂಬಳದ ಲೆಕ್ಕ ನೋಡುವ ಝೆಲ್ಲಿಸ್ ಕಂಪನಿ ಅದನ್ನು ಬಳಸುತ್ತಿತ್ತು. ಹಾಗಾಗಿ ಅದರ ಗ್ರಾಹಕರಾದ ಬಿಬಿಸಿ, ಬ್ರಿಟಿಷ್ ಏರ್‌ವೇಸ್, ಬೂಟ್ಸ್ ನೌಕರರ ವಿವರ ಹೊರಹೋಯಿತು. ಎರಡೂ ಕಡೆಯವರು ವರದಿ ಮಾಡಿದಾಗಲೇ ಸರಪಳಿ ಎಲ್ಲಿಯವರೆಗೆ ಹೋಗಿದೆ ಎಂದು ಕಾಣುವುದು. ಘಟನೆ ತಿಳಿದ ಇಷ್ಟು ಗಂಟೆಯೊಳಗೆ ನಮಗೆ ಹೇಳಬೇಕು ಎಂಬ ಷರತ್ತನ್ನು ವೆಂಡರ್ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಅದು ನಿಮ್ಮ ಗಡುವಿಗಿಂತ ಕಡಿಮೆ ಇರಲಿ.

## ಇನ್ನೂ ಆಳಕ್ಕೆ

ಕಳಿಸಿದ ವರದಿಯನ್ನ ಅವರು ಏನು ಮಾಡ್ತಾರೆ?

ಒಂದೇ ವರದಿಯಿಂದ ಹೆಚ್ಚೇನೂ ತಿಳಿಯದು. ಒಂದು ಆಸ್ಪತ್ರೆ, ಒಂದು ಕಾಲೇಜು, ಒಂದು ನೀರು ಸರಬರಾಜು ಸಂಸ್ಥೆ ಒಂದೇ ವಾರದಲ್ಲಿ ಒಂದೇ ಮಾದರಿಯ ವಿಪಿಎನ್ (ಹೊರಗಿನಿಂದ ಕಚೇರಿಯ ನೆಟ್‌ವರ್ಕಿಗೆ ಸೇರಲು ಬಳಸುವ) ಸಾಧನದ ಹೆಸರು ಬರೆದರೆ, ಆ ಸಾಧನದಲ್ಲಿ ಯಾರಿಗೂ ಗೊತ್ತಿಲ್ಲದ ದೋಷ ಇರಬಹುದು ಎಂಬ ಗುಮಾನಿ ಹುಟ್ಟುತ್ತದೆ. ತಯಾರಕರನ್ನು ಕರೆದು ಪ್ಯಾಚ್ ಮಾಡಿಸುವ, ಅದೇ ಸಾಧನ ಇಟ್ಟುಕೊಂಡವರಿಗೆ ಎಚ್ಚರಿಕೆ ಕೊಡುವ, ಕಳ್ಳರ ಸರ್ವರ್ ಇರುವ ದೇಶದ ಸರ್ಟ್ ತಂಡಕ್ಕೆ ತಿಳಿಸುವ ಕೆಲಸ ಆಮೇಲೆ ನಡೆಯುತ್ತದೆ. ಇಂಥ ತಂಡಗಳನ್ನು ಬೆಸೆಯುವ ಫಸ್ಟ್ ಎಂಬ ಅಂತರರಾಷ್ಟ್ರೀಯ ವೇದಿಕೆ 1990ರಿಂದಲೇ ಇದೆ. ನಿಮ್ಮ ಸಂಸ್ಥೆ ತಾನಾಗಿ ಇನ್ನೊಂದು ದೇಶಕ್ಕೆ ಪತ್ರ ಬರೆದರೆ ಉತ್ತರ ಬರುವುದು ಅನುಮಾನ.

ವರದಿ ಕಳಿಸಿದೆವು, ಒಂದು ನಂಬರ್ ಬಿಟ್ಟು ಏನೂ ಬರಲಿಲ್ಲ. ಮತ್ತೆ ಯಾಕೆ ಕಳಿಸಬೇಕು?

ಈ ದೂರು ನ್ಯಾಯವಾದದ್ದು. ವರದಿ ನುಂಗಿ ಸುಮ್ಮನಾಗುವ ಪ್ರಾಧಿಕಾರ ತನ್ನ ಕಣ್ಣನ್ನು ತಾನೇ ಮುಚ್ಚಿಕೊಳ್ಳುತ್ತದೆ, ಯಾಕೆಂದರೆ ಮುಂದಿನ ಸಲ ಜನ ಕಡ್ಡಾಯವಿರುವಷ್ಟನ್ನೇ ತುಂಬಿ ಕೈತೊಳೆದುಕೊಳ್ಳುತ್ತಾರೆ. ಕೊಟ್ಟ ನಂಬರ್ ಹಿಡಿದು ಕೇಳಿ: ನಮ್ಮ ಮಾಹಿತಿ ಬೇರೆ ಕಡೆ ಹೊಂದಿಕೆಯಾಯಿತೇ, ನಮ್ಮ ಕ್ಷೇತ್ರಕ್ಕೆ ಎಚ್ಚರಿಕೆ ಹೋಯಿತೇ? ನಿಮ್ಮ ಉದ್ಯಮದ ಸಂಘಟನೆಯ ಮೂಲಕ ಒಟ್ಟಾಗಿ ಕೇಳಿದರೆ ಇನ್ನೂ ಒಳ್ಳೆಯದು. ಆದರೆ ಉತ್ತರ ಬರಲಿಲ್ಲವೆಂದು ಮುಂದಿನ ದಾಳಿಯನ್ನು ಮುಚ್ಚಿಟ್ಟರೆ ಅಧಿಕಾರಿಗೆ ಏನೂ ಆಗದು. ಪೆಟ್ಟು ಬೀಳುವುದು ನಿಮ್ಮಂತೆಯೇ ಇರುವ ಇನ್ನೊಂದು ಸಂಸ್ಥೆಗೆ.

ದಾಳಿ ಒಳಗೆ ಬರೋ ಮುಂಚೆಯೇ ತಡೆದೆವು. ತಪ್ಪಿಹೋದದ್ದನ್ನೂ ಹೇಳಬೇಕಾ?

ಕಾನೂನು ಕೇಳದಿದ್ದರೂ ಹೇಳಿ ಎನ್ನುತ್ತೇನೆ. ವಿಮಾನಯಾನ ಇದನ್ನು ಬಹಳ ಹಿಂದೆಯೇ ಅರಿತಿತ್ತು. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಗೆ ಪೈಲಟ್‌ಗಳು, ವಿಮಾನ ಸಂಚಾರ ನಿಯಂತ್ರಕರು ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ಬರೆದು ಕಳಿಸುತ್ತಾರೆ. ಬರೆದವರ ಗುರುತು ಅಳಿಸಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ನಿಯಂತ್ರಕ ಸಂಸ್ಥೆಯ ಬದಲು ನಾಸಾ ಅದನ್ನು ನಡೆಸುವುದಕ್ಕೆ ಕಾರಣವೂ ಇದೇ: ದಂಡ ಹಾಕುವವರ ಕೈಗೆ ಯಾರೂ ಮನಬಿಚ್ಚಿ ಬರೆಯುವುದಿಲ್ಲ.

ತಡೆದ ದಾಳಿಯ ವರದಿಯಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ಬರೆಯುವಾಗ ಯಾರಿಗೂ ನಾಚಿಕೆಯಿರುವುದಿಲ್ಲ, ವಕೀಲರ ತಡೆಯಿರುವುದಿಲ್ಲ, ಲಾಗ್‌ಗಳು ಕೆಟ್ಟಿರುವುದಿಲ್ಲ. ದಾಳಿಕೋರ ಮೊದಲು ಯಾವ ಬಾಗಿಲು ತಟ್ಟಿದ, ಯಾವ ಎಚ್ಚರಿಕೆ ಗಂಟೆ ಮೊಳಗಿತು, ಯಾವ ಕ್ರಮದಿಂದ ಅವನು ನಿಂತ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಹಸಿರು ಗುರುತು ಹಾಕಿ ಕಳಿಸಿ. ತಡೆಯಲಾಗದೆ ಹೋದ ದಿನ ಯಾರಿಗೆ ಫೋನ್ ಮಾಡಬೇಕು, ಫಾರ್ಮ್ ಎಲ್ಲಿದೆ, ಯಾರ ಸಹಿ ಬೇಕು ಎಂಬುದು ನಿಮ್ಮ ತಂಡಕ್ಕೆ ಆಗಲೇ ರೂಢಿಯಾಗಿರುತ್ತದೆ.